ಅಮ್ಮ ಪಾಸು ಮಾಡಿದ ಕಿಟಕಿ

ಬಹರೈನಿನಲ್ಲಿ ನಾನು ಮಾಡುತ್ತಿದ್ದದ್ದು ಕಿಟಕಿ ಮಾರುವ ಕೆಲಸ. ಜುಲೈಯಲ್ಲಿ ಕಿಟಕಿಯ ಹಿಡಿ ಮುಟ್ಟಿದರೆ ಕೈ ಚುರ್ರೆನ್ನುವ ಊರು ಅದು. ಅಲ್ಲಿ ಕಿಟಕಿಯನ್ನು ತೆರೆಯಲಿಕ್ಕೆ ಯಾರೂ ಕೊಳ್ಳುವುದಿಲ್ಲ, ಮುಚ್ಚಿಡಲಿಕ್ಕೆಂದೇ ಕೊಳ್ಳುತ್ತಾರೆ. ಸಿತ್ರಾದ ಕಾರ್ಖಾನೆಗಳ ಸಾಲಿನಲ್ಲಿ ಅಲ್ಯುಮಿನಿಯಂ ಬಾಗಿಲು-ಕಿಟಕಿ ಮಾಡುವ ನಮ್ಮದೊಂದು ವರ್ಕ್‌ಶಾಪು, ಅದರ ಮುಂದೆ ಶೋರೂಮು, ಶೋರೂಮಿನ ಎಸಿಯ ಕೆಳಗೆ ನಾನು. ಬಿಸಿಲು ಒಳಗೆ ಬರಬಾರದು, ತಂಪು ಹೊರಗೆ ಹೋಗಬಾರದು ಎಂಬ ಒಂದೇ ಮಾತನ್ನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಅರೆಬರೆ ಅರಬ್ಬಿಯಲ್ಲಿ ಹೇಳಿ ಹೇಳಿ ನನಗೆ ಕಿಟಕಿಯ ವಿಷಯದಲ್ಲಿ ಸ್ವಲ್ಪ ಅಹಂಕಾರವೇ ಬಂದಿತ್ತು. ಹಾಗಾಗಿ ಹಿಮ ಬೀಳುವ ದೇಶದ ಮನೆಯೊಂದಕ್ಕೆ ಕಿಟಕಿ ಆರಿಸಿಕೊಡಬೇಕಾಗಿ ಬಂದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು.

ತಂಗಿ ಕೆನಡಾದಿಂದ ಫೋನು ಮಾಡಿದಾಗ ನಾನು ಗಿರಾಕಿಯೊಬ್ಬರ ಎದುರು ಕೂತು ಅಳತೆ ಬರೆದುಕೊಳ್ಳುತ್ತಿದ್ದೆ. "ಅಕ್ಕ, ನೀನು ದೊಡ್ಡಮ್ಮ ಆಗ್ತೀ" ಎಂದಳು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಸುದ್ದಿ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ನನ್ನ ಕಣ್ಣಲ್ಲಿ ನೀರು, ಬಾಯಿ ತುಂಬ ನಗು ನೋಡಿ ಆ ಬಹರೈನಿ ಹಿರಿಯರಿಗೆ ಗಾಬರಿ. ಸಂಗತಿ ತಿಳಿದು ಅವರು "ಮಬ್ರೂಕ್" ಎಂದು ಹಾರೈಸಿದರು. ನಾನು ಖುಷಿಯ ಭರದಲ್ಲಿ ಅವರ ಮನೆಯ ಎಲ್ಲ ಕಿಟಕಿಗೂ ಸೊಳ್ಳೆ ಬಲೆ ಪುಕ್ಕಟೆ ಎಂದುಬಿಟ್ಟೆ. ಆಮೇಲೆ ವಿವರ ಕೇಳಲು ಬಂದ ಮಾಲೀಕರ ಬಾಯಿಗೂ ಲಡ್ಡು ಹಾಕಿ ಆ ವಿಷಯ ಮುಗಿಸಿದೆ.

ಅಪ್ಪ ಹೋದ ಮೇಲೆ ಅಮ್ಮ ಸನದ್ ಎಂಬಲ್ಲಿನ ನಮ್ಮ ಫ್ಲಾಟಿನಲ್ಲಿ ನಮ್ಮ ಜೊತೆಗೇ ಇದ್ದಳು. ನನ್ನ ಗಂಡನಿಗೆ ರಿಫೈನರಿಯಲ್ಲಿ ಶಿಫ್ಟ್ ಕೆಲಸ. ಅವರು ಹಗಲು ಮಲಗಿದರೆ ಅಮ್ಮ ಪಾತ್ರೆಯ ಸದ್ದು ಸಹ ಆಗದಂತೆ ಅಡುಗೆ ಮಾಡುವವಳು. ಅಂಥವಳು ಸುದ್ದಿ ಕೇಳಿ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಬಿಟ್ಟಳು. ಗಂಡ ಎದ್ದು ಬಂದರು, ನಾವಿಬ್ಬರೂ ಅವರ ಕೈ ಹಿಡಿದು ಕುಣಿದೆವು. ಕುಣಿತ ಮುಗಿದು ಉಸಿರು ಹತೋಟಿಗೆ ಬಂದ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಆ ಮನೆಯ ಕಿಟಕಿ ಹೇಗುಂಟು?"

ನಮ್ಮ ಕಡೆ ಬಾಣಂತಿಗೆ ಗಾಳಿ ತಾಗಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಯ ಬಾಗಿಲು ಓರೆ ಮಾಡುವಂತೆಯೂ ಇಲ್ಲ. ಆದರೆ ಅಮ್ಮನ ಹೆದರಿಕೆ ಬರೀ ಶಾಸ್ತ್ರದ್ದಲ್ಲ. ತಂಗಿ ಹುಟ್ಟಿದ್ದು ಮಲ್ಪೆಯ ಹತ್ತಿರ ಕಡಲ ಬದಿಯ ತೆಂಗಿನ ಮಡಲು ಹೊದೆಸಿದ ನಮ್ಮ ಮನೆಯಲ್ಲಿ, ಕಡಲು ಕೆರಳಿದ್ದ ಆಷಾಢದಲ್ಲಿ. ಕಿಟಕಿ ಎಂದರೆ ಗೋಣಿ ತುರುಕಿದ ಒಂದು ತೂತು. ಅಮ್ಮ ಚಿಮಿಣಿ ದೀಪದ ಕುಡಿ ನೋಡುತ್ತಾ ಮಲಗಿರುತ್ತಿದ್ದಳಂತೆ, ಕುಡಿ ಆಡಿದರೆ ಗಾಳಿ ಬಂತೆಂದು ಲೆಕ್ಕ. ಅಷ್ಟಾದರೂ ಕೂಸಿಗೆ ಶೀತ ಎದೆಗೆ ಇಳಿದು, ಒಂದು ದಿನ ಅಳು ಪೂರ್ತಿ ನಿಂತೇಹೋಯಿತು. ಅಮ್ಮ ಸೆರಗಿನಿಂದ ಒಂದು ನೂಲು ಎಳೆದು ಅದರ ಮೂಗಿನ ಹತ್ತಿರ ಹಿಡಿದು ಉಸಿರು ಉಂಟೋ ಇಲ್ಲವೋ ನೋಡಿದಳು. ನೂಲು ಆಡಲಿಲ್ಲ. ಬಹಳ ಹೊತ್ತಿನ ಮೇಲೆ ಆಡಿತು. ಈ ಕತೆಯನ್ನು ಅಮ್ಮ ನಮಗೆ ಹೆಚ್ಚು ಸಲ ಹೇಳಿದವಳಲ್ಲ.

ಹೆರಿಗೆ ಜನವರಿಯಲ್ಲಿ. ತಂಗಿ ಹೊಟ್ಟೆ ಹೊತ್ತು ವಿಮಾನ ಹತ್ತುವ ಹಾಗಿಲ್ಲ, ಅವಳ ಗಂಡನ, ಅಂದರೆ ನಮ್ಮ ಭಾವನ, ಕೆಲಸದ ಕಾಗದಪತ್ರ ಇನ್ನೂ ಪೂರ್ತಿಯಾಗದೆ ಅವನೂ ಹೊರಡುವ ಹಾಗಿಲ್ಲ. ಅಮ್ಮ ಅಲ್ಲಿಗೆ ಹೋದರೆ ಮಾತ್ರ ಬಾಣಂತನ, ಇಲ್ಲದಿದ್ದರೆ ತಂಗಿ ಒಬ್ಬಳೇ. ಅಮ್ಮ ತನ್ನ ತೀರ್ಮಾನ ಹೇಳಿಬಿಟ್ಟಳು. "ವಿಮಾನಕ್ಕೆ ನಾನು ಹೆದರುದಿಲ್ಲ, ಹಿಮಕ್ಕೂ ಹೆದರುದಿಲ್ಲ. ಗಾಳಿ ಬರುವ ಕೋಣೆಯಲ್ಲಿ ನಾನು ಇನ್ನೊಮ್ಮೆ ಬಾಣಂತಿಯನ್ನು ಮಲಗಿಸುದಿಲ್ಲ. ಕಿಟಕಿ ಸರಿ ಆದ್ರೆ ಬರ್ತೇನೆ."

ವಾರದ ರಜೆಯಲ್ಲಿ ಕಂಪ್ಯೂಟರಿನ ಎದುರು ಎಲ್ಲರೂ ಕೂತೆವು. ಆಗಿನ ವಿಡಿಯೊ ಕಾಲಿನಲ್ಲಿ ಮುಖ ಒಂದು ಕಡೆ ನಿಂತರೆ ಮಾತು ಇನ್ನೊಂದು ಕಡೆ ಓಡುತ್ತಿತ್ತು. ತಂಗಿ ಕೊಂಡಿದ್ದು ಹಳೆಯ ಮನೆ. ಕಿಟಕಿಗಳು ಅದಕ್ಕಿಂತ ಹಳೆಯವೆನ್ನಿಸುವಂಥವು, ಸರಿಸುವ ಅಲ್ಯುಮಿನಿಯಂ ಕಿಟಕಿಗಳು. ಚಳಿಗಾಲದಲ್ಲಿ ಒಳಗಿನ ಕಡೆಗೇ ಮಂಜು ಕಟ್ಟುತ್ತದೆ, ಅದನ್ನು ಚಮಚದಲ್ಲಿ ಕೆರೆಯುತ್ತೇವೆ ಎಂದು ಭಾವ ನಗುತ್ತಾ ಹೇಳಿದ. ಅಮ್ಮ ನಗಲಿಲ್ಲ. ಊದುಬತ್ತಿ ಹಚ್ಚಿ ಕಿಟಕಿಯ ಅಂಚಿನ ಉದ್ದಕ್ಕೂ ಹಿಡಿಯಲು ಹೇಳಿದಳು. ಅಲ್ಲಿ ಗಾಳಿ ಬೀಸುತ್ತಿದ್ದ ದಿನ ಅದು. ತಂಗಿ ಹಚ್ಚಿದಳು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಕಿಟಕಿಯ ಮೂಲೆಗೆ ಬಂದದ್ದೇ ಕತ್ತು ತಿರುಗಿಸಿ ಒಳಕ್ಕೆ ಓಡಿತು. ಅಮ್ಮ "ಕಂಡಿತಾ?" ಎಂದು ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ಅಲ್ಲಿ ಕಿವಿ ಹರಿಯುವಂತೆ ಏನೋ ಅರಚತೊಡಗಿತು. ಬೆಂಕಿ ಬಿದ್ದರೆ ಎಚ್ಚರಿಸುವ ಅಲಾರಾಂ! ಭಾವ ಟವೆಲು ಬೀಸುತ್ತಾ ಕುರ್ಚಿ ಹತ್ತಿದ, ಅದೇ ಭಂಗಿಯಲ್ಲಿ ಚಿತ್ರ ನಿಂತುಹೋಯಿತು. ಟವೆಲು ಹಿಡಿದು ಆಕಾಶಕ್ಕೆ ಹಾರಲು ಹೊರಟ ಆ ಭಾವನನ್ನು ನೋಡಿ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ನಾವು ಕಿಟಕಿ ಮಾಡಿಸಲು ಹೊರಟೆವು. ತಂಗಿಯ ಊರಿನ ಅಂಗಡಿಯವನು ಮೂರು ಬಗೆ ಹೇಳಿದ್ದ: ಅಲ್ಯುಮಿನಿಯಂ, ಪ್ಲಾಸ್ಟಿಕ್, ಕಾಂಪೋಸಿಟ್. ಕಾಂಪೋಸಿಟ್ ಎಂದರೆ ಬೇರೆ ಬೇರೆ ವಸ್ತು ಕೂಡಿಸಿ ಮಾಡಿದ ಚೌಕಟ್ಟು. ಅವನಲ್ಲಿದ್ದದ್ದು ಗಾಜಿನ ನಾರನ್ನು ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿದ್ದು. ಅಂಥದರ ಒಂದು ಮೂಲೆ ತುಂಡು ನಮ್ಮ ಶೋರೂಮಿನಲ್ಲೂ ಇತ್ತು. ಯಾವುದೋ ವಿದೇಶಿ ಕಂಪನಿಯವರು ಕೊಲ್ಲಿಯಲ್ಲಿ ವ್ಯಾಪಾರ ಕುದುರೀತೆಂದು ಕಳಿಸಿದ್ದರು. ಯಾರೂ ಕೇಳದೆ ಅದು ಬಾಗಿಲು ಬಡಿಯದಂತೆ ತಡೆಯುವ ಕಲ್ಲಿನ ಕೆಲಸಕ್ಕೆ ಇಳಿದಿತ್ತು. ನಾನು ಅದರ ಧೂಳು ಒರೆಸಿ, ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ಕಿನ ತುಂಡುಗಳ ಜೊತೆ ಚೀಲಕ್ಕೆ ಹಾಕಿ ಮನೆಗೆ ತಂದೆ.

ಅಮ್ಮನಿಗೆ ಮೂರನ್ನೂ ಮೇಜಿನ ಮೇಲಿಟ್ಟು ನನ್ನ ಶೋರೂಮಿನ ಭಾಷಣ ಶುರು ಮಾಡಿದೆ. ಅಲ್ಯುಮಿನಿಯಂ ಗಟ್ಟಿ, ಆದರೆ ಲೋಹ, ಹೊರಗಿನ ಚಳಿಯನ್ನು ಕೈ ಹಿಡಿದು ಒಳಗೆ ಕರೆತರುತ್ತದೆ. ಪ್ಲಾಸ್ಟಿಕ್ ಚಳಿ ತಡೆಯುತ್ತದೆ, ಆದರೆ ಸೆಕೆಗೆ ಉಬ್ಬಿ ಚಳಿಗೆ ಕುಗ್ಗುವ ಜಾತಿ. ಜುಫೈರಿನ ಒಂದು ಫ್ಲಾಟಿನಲ್ಲಿ ನಾವೇ ಹಾಕಿದ ದೊಡ್ಡ ಪ್ಲಾಸ್ಟಿಕ್ ಕಿಟಕಿ ಮಧ್ಯಾಹ್ನದ ಬಿಸಿಲಿಗೆ ಉಬ್ಬಿ, ಸಂಜೆಯವರೆಗೆ ಮುಚ್ಚಲಿಕ್ಕೇ ಬರುತ್ತಿರಲಿಲ್ಲ. ಗಾಜಿನ ನಾರಿನದು ಗಾಜು ಹಿಗ್ಗಿದಷ್ಟೇ ಹಿಗ್ಗುತ್ತದೆ, ಗಾಜು ಕುಗ್ಗಿದಷ್ಟೇ ಕುಗ್ಗುತ್ತದೆ, ಹಾಗಾಗಿ ಎಷ್ಟು ವರ್ಷವಾದರೂ ಸಂದು ಬಿಡುವುದಿಲ್ಲ. ಇಷ್ಟನ್ನೂ ಕೇಳಿ ಅಮ್ಮ, ಬಾಯಲ್ಲಿ ಹೇಳಿದ್ದು ಬೇಡ, ಚಳಿಯಲ್ಲಿ ಇಟ್ಟು ತೋರಿಸು ಎಂದಳು. ಜುಲೈ ತಿಂಗಳ ಬಹರೈನಿನಲ್ಲಿ ಚಳಿ!

ಸಿತ್ರಾದಲ್ಲಿ ಮೀನು ಹೆಪ್ಪುಗಟ್ಟಿಸಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜ್ ಇತ್ತು. ಅದಕ್ಕೆ ಬಾಗಿಲು ಹಾಕಿದವರು ನಾವೇ ಆದ್ದರಿಂದ ಅಲ್ಲಿನ ಸೂಪರ್‌ವೈಸರು ಒಳಗೆ ಬಿಡಲು ಒಪ್ಪಿದ. ಮರುದಿನ ಶೋರೂಮಿನಿಂದ ಅಮ್ಮನಿಗೆ ಫೋನು ಮಾಡಿ, ನಮ್ಮ ಡ್ರೈವರು ಬರುತ್ತಾನೆ, ತುಂಡುಗಳನ್ನು ಹಿಡಿದು ಕೋಲ್ಡ್ ಸ್ಟೋರೇಜಿಗೆ ಬಾ ಎಂದೆ. ನಾನು ಅಲ್ಲಿಗೆ ಹೋಗಿ, ಅಮ್ಮನಿಗೊಂದು ನನಗೊಂದು ದಪ್ಪ ಕೋಟು ಎರವಲು ಪಡೆದು, ಕೈಯಲ್ಲಿ ಹಿಡಿದರೆ ಭಾರವೆಂದು ಒಂದನ್ನು ಹಾಕಿಕೊಂಡೇ ಹೊರಗೆ ಕಾದೆ. ಸುಡು ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿ ನಿಂತ ಹೆಂಗಸನ್ನು ಕಂಪನಿ ಬಸ್ಸಿನವರೆಲ್ಲ ಕಿಟಕಿಗೆ ಮೂಗು ಒತ್ತಿ ನೋಡಿಕೊಂಡು ಹೋದರು. ಡ್ರೈವರು ಫೋನು ಮಾಡಿ ಅಮ್ಮ ಮನೆಯಲ್ಲಿ ಇಲ್ಲ ಎಂದ. ನನ್ನ ಬೆವರು ಒಮ್ಮೆಲೇ ತಣ್ಣಗಾಯಿತು.

ಬಹರೈನಿನಲ್ಲಿ ಬೀದಿ ಮೂಲೆಯ ದಿನಸಿ ಅಂಗಡಿಗೆ ಕೋಲ್ಡ್ ಸ್ಟೋರ್ ಎಂದೇ ಹೆಸರು. ಅಕ್ಕಿ, ಸಾಬೂನು, ರೊಟ್ಟಿ, ಫೋನು ಕಾರ್ಡು ಏನು ಬೇಕಾದರೂ "ಕೋಲ್ಡ್ ಸ್ಟೋರಿಗೆ ಹೋಗಿ ಬರ್ತೇನೆ" ಎನ್ನುವುದು ಅಲ್ಲಿನ ಎಲ್ಲರ ಮಾತು, ಅಮ್ಮನದೂ. ನಮ್ಮ ಕಟ್ಟಡದ ಕೆಳಗೆ ಉಳ್ಳಾಲದ ಬ್ಯಾರಿಯೊಬ್ಬರ ಕೋಲ್ಡ್ ಸ್ಟೋರ್ ಇತ್ತು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಐದು ನಿಮಿಷಕ್ಕೆ ಅವರದೇ ಫೋನು ಬಂತು.

"ನಿಮ್ಮ ಅಮ್ಮ ಇಲ್ಲಿ ಕೂತಿದ್ದಾರೆ ಮಾರಾಯ್ರೆ. ಮೂರು ಕಿಟಕಿ ತುಂಡು ತಂದಿದ್ದಾರೆ. ಚಳಿ ಎಲ್ಲುಂಟು ಅಂತ ಕೇಳ್ತಾರೆ. ನಾನು ಎಂತ ಹೇಳುದು?"

ನಾನು ಕೋಟು ಬಿಸಾಡಿ ಸನದಿಗೆ ಓಡಿದೆ. ಅಂಗಡಿಗೆ ಬಂದು ನೋಡಿದರೆ ಪರೀಕ್ಷೆ ಆಗಲೇ ಶುರುವಾಗಿದೆ. ಕಾಕ ಐಸ್‌ಕ್ರೀಮ್ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಒಂದು ಗೇಣು ಸರಿಸಿ, ಆ ಸಂದಿಗೆ ಮೂರೂ ತುಂಡುಗಳನ್ನು ಅರ್ಧ ಒಳಗೆ ಅರ್ಧ ಹೊರಗೆ ಬರುವಂತೆ ಕೂರಿಸಿ, ಉಳಿದ ಸಂದಿಗೆ ತನ್ನ ಟವೆಲು ತುರುಕಿದ್ದರು. ಅಮ್ಮ ಅಕ್ಕಿ ಮೂಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಅಂಗಡಿ ತುಂಬ ಜನ. ಐಸ್‌ಕ್ರೀಮ್ ಕೇಳಿದವರಿಗೆಲ್ಲ ಕಾಕ ಈಗ ಆಗುದಿಲ್ಲ, ಪರೀಕ್ಷೆ ನಡೀತಾ ಉಂಟು ಎಂದು ಕೈ ಅಲ್ಲಾಡಿಸುತ್ತಿದ್ದರು. ರೊಟ್ಟಿಗೆ ಬಂದ ಬಹರೈನಿ ಮುದುಕರೊಬ್ಬರು ಇದೇನೆಂದು ಕೇಳಿದರು. ಕಾಕ "ದರೀಶಾ" ಎಂದರು, ಎಂದರೆ ಕಿಟಕಿ. ಮುದುಕರು ಪೆಟ್ಟಿಗೆಯೊಳಗೆ ಇಣುಕಿ, ಐಸ್‌ಕ್ರೀಮಿಗೆ ಹೊರಗೆ ನೋಡಲು ಕಿಟಕಿ ಬೇಕಾಯಿತೇ ಎಂದು ಕೇಳಿದಾಗ ನಾನು ನಗು ತಡೆಯಲಾರದೆ ಸಾಬೂನಿನ ಕಪಾಟಿಗೆ ಒರಗಿದೆ.

ಬಾಗಿಲು ತೆರೆದಾಗಲೆಲ್ಲ ಒಳಗೆ ನುಗ್ಗುವ ಹಬೆಯಂಥ ಗಾಳಿ ನಮ್ಮ ಪರೀಕ್ಷೆಗೆ ಹೇಳಿ ಮಾಡಿಸಿದ್ದಾಗಿತ್ತು. ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಅಲ್ಯುಮಿನಿಯಂ ತುಂಡಿನ ಹೊರಭಾಗ ಬೆವರಿ, ನೀರು ಸಾಲುಗಟ್ಟಿ ಇಳಿಯುತ್ತಿತ್ತು. ಪ್ಲಾಸ್ಟಿಕ್ಕೂ ಕಾಂಪೋಸಿಟ್ಟೂ ಒಣಗಿಯೇ ಇದ್ದವು. ಅಮ್ಮ ಒಂದೊಂದರ ಮೇಲೂ ಅಂಗೈ ಇಟ್ಟಳು, ಆಮೇಲೆ ಬಗ್ಗಿ ಕೆನ್ನೆ ಇಟ್ಟಳು. ಕಾಂಪೋಸಿಟ್ ತುಂಡನ್ನು ಕೈಗೆತ್ತಿಕೊಂಡು, ಕತ್ತರಿಸಿದ ಕಡೆ ಕಾಣುವ ನಾರನ್ನು ಉಗುರಿನಿಂದ ಕೆರೆದು, ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದಳು. ಅವಳ ಮುಖ ಅರಳಿತು.

"ಇದು ಫೈಬರ್ ಅಲ್ವಾ. ನನ್ನ ಅಣ್ಣನ ದೋಣಿ ಇದೇ. ಹಗಲು ರಾತ್ರಿ ಉಪ್ಪುನೀರಲ್ಲೇ ಬಿದ್ದುಕೊಂಡುಂಟು, ಕೊಳೆಯಲಿಲ್ಲ, ತುಕ್ಕು ಹಿಡಿಯಲಿಲ್ಲ, ಒಂದು ಸಂದು ಬಿಡಲಿಲ್ಲ. ಇಷ್ಟು ದಿನ ಎಂತ ಕಾಂಪೋಸಿಟ್ ಕಾಂಪೋಸಿಟ್ ಅಂತ ಹೇಳಿ ನನ್ನ ತಲೆ ತಿಂದದ್ದು?"

ಕಾಕ ಉಳ್ಳಾಲದಲ್ಲಿಯೂ ಈಗೆಲ್ಲ ಫೈಬರೇ ಎಂದು ಸಾಕ್ಷಿ ಹೇಳಿದರು. ನನ್ನ ಭಾಷಣವೆಲ್ಲ ನೀರಿನಲ್ಲಿ ಹೋಮವಾದರೂ ನನಗೆ ಸ್ವಲ್ಪವೂ ಬೇಸರವಾಗಲಿಲ್ಲ. ಆ ಖುಷಿಗೆ ಅಂಗಡಿಯಲ್ಲಿ ಇದ್ದವರಿಗೆಲ್ಲ ನಾನೇ ಐಸ್‌ಕ್ರೀಮ್ ಕೊಡಿಸಿದೆ. ಪೆಟ್ಟಿಗೆ ಅಷ್ಟು ಹೊತ್ತು ತೆರೆದದ್ದರಿಂದ ಅದು ಅರ್ಧ ಕರಗಿತ್ತು, ಯಾರೂ ದೂರಲಿಲ್ಲ.

ಚೌಕಟ್ಟು ನಿಶ್ಚಯವಾಯಿತು, ಗಾಜು ಬಾಕಿ. ಮೂರು ಪದರದ ಗಾಜು, ನಡುವೆ ಶಾಖ ಸುಲಭಕ್ಕೆ ದಾಟದಂಥ ಅನಿಲ ತುಂಬಿದ್ದು, ಇದರಲ್ಲಿ ತಕರಾರಿರಲಿಲ್ಲ. ಗಾಜಿನ ಮೇಲೆ ಕಣ್ಣಿಗೆ ಕಾಣದ ಲೇಪ ಒಂದಿರುತ್ತದೆ, ಅದರಲ್ಲಿ ಎರಡು ಬಗೆ. ಒಂದು ಒಳಗಿನ ಶಾಖವನ್ನು ಹಿಡಿದಿಟ್ಟು ಬಿಸಿಲನ್ನೂ ಹೊರಗೇ ನಿಲ್ಲಿಸುತ್ತದೆ. ಇನ್ನೊಂದು ಶಾಖವನ್ನು ಹಿಡಿದಿಟ್ಟು ಬಿಸಿಲನ್ನು ಒಳಗೆ ಬಿಡುತ್ತದೆ. ನನ್ನ ಬಾಯಿಗೆ ಅಭ್ಯಾಸಬಲದಿಂದ ಮೊದಲನೆಯದೇ ಬಂತು. ಬಿಸಿಲು ಒಂದು ಚೂರೂ ಒಳಗೆ ಬರುವುದಿಲ್ಲ ನೋಡು ಎಂದು ಅಮ್ಮನ ಎದುರೇ ಫೋನಿನಲ್ಲಿ ತಂಗಿಗೆ ಹೆಮ್ಮೆಯಿಂದ ಹೇಳಿದೆ.

ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. "ಮತ್ತೆ ಮಗುವನ್ನು ಎಳೆಬಿಸಿಲಿಗೆ ಹಿಡಿಯುದು ಎಲ್ಲಿ? ನಿನ್ನ ಶೋರೂಮಿನಲ್ಲಾ?"

ಎಣ್ಣೆ ಹಚ್ಚಿ, ಮೀಯಿಸಿ, ಬೆಳಗಿನ ಬಿಸಿಲಿಗೆ ಹಿಡಿಯದ ಮಗು ನಮ್ಮ ಕಡೆ ಉಂಟೇ! ಹೊರಗೆ ಹಿಮ, ಅಂಗಳಕ್ಕೆ ಹೋಗುವಂತಿಲ್ಲ. ಗಾಜಿನ ಹಿಂದಿನ ಬಿಸಿಲು ಅಂಗಳದ ಬಿಸಿಲಿಗೆ ಸಮವಲ್ಲ ಎಂದು ನಾನು ಗೊಣಗಿದೆ. ಬೆಚ್ಚಗಾದರೂ ಆಗ್ತದಲ್ಲ ಎಂದಳು ಅಮ್ಮ. ಆ ಮನೆಯ ದಕ್ಷಿಣದ ಕೋಣೆಗೆ ಚಳಿಗಾಲದಲ್ಲಿಯೂ ಬೆಳಿಗ್ಗೆ ಚೆನ್ನಾಗಿ ಬಿಸಿಲು ಬೀಳುತ್ತದೆ, ಅದರಿಂದ ಹೀಟರಿನ ಕೆಲಸವೂ ಕಡಿಮೆಯಾಗುತ್ತದೆ ಎಂದು ಭಾವನೂ ದನಿಗೂಡಿಸಿದ. ಇಷ್ಟು ವರ್ಷ ನಾನು ಬಿಸಿಲನ್ನು ಓಡಿಸುವ ಕೂಲಿ ಮಾಡಿದವಳು. ಅದನ್ನು ಒಳಗೆ ಕರೆಯುವ ಗಾಜನ್ನು ಮೊದಲ ಸಲ ಆರಿಸಿದೆ. ದಕ್ಷಿಣದ ಕೋಣೆಗೆ ಬಿಸಿಲು ಬಿಡುವ ಗಾಜು, ಉಳಿದ ಕಡೆ ಅಂಗಡಿಯವನು ಹೇಳಿದ್ದು.

ಕಿಟಕಿಗಳು ತಯಾರಾಗಿ ಬಂದು ಕೂತದ್ದು ಅಕ್ಟೋಬರ್ ಕೊನೆಗೆ, ಮೊದಲ ಹಿಮಕ್ಕೆ ಸ್ವಲ್ಪ ಮುಂಚೆ. ಚೌಕಟ್ಟು ಎಷ್ಟು ಒಳ್ಳೆಯದಾದರೂ ಗೋಡೆಗೂ ಅದಕ್ಕೂ ನಡುವಿನ ಸಂದು ಸರಿಯಾಗಿ ತುಂಬದಿದ್ದರೆ ಎಲ್ಲ ದಂಡ ಎಂದು ನಾನು ಭಾವನಿಗೆ ದಿನವೂ ಹೇಳಿ ಹೇಳಿ ಅವನು ನನ್ನ ಫೋನು ನೋಡಿದರೇ ಹೆದರುವಂತಾಗಿದ್ದ. ಮತ್ತೆ ವಿಡಿಯೊ ಕಾಲು. ಈ ಸಲ ಕಾಕನೂ ಅಂಗಡಿಯನ್ನು ಹುಡುಗನಿಗೆ ಬಿಟ್ಟು ಮೇಲೆ ಬಂದು ನಮ್ಮ ಸೋಫಾದಲ್ಲಿ ಕೂತಿದ್ದರು. ತಂಗಿಯ ಹೊಟ್ಟೆ ಆಗ ಕಂಪ್ಯೂಟರಿನ ಪರದೆಯ ಅರ್ಧ ತುಂಬುತ್ತಿತ್ತು. ಭಾವ ಮೊದಲೇ ಟವೆಲು ಹಿಡಿದು ಅಲಾರಾಮಿನ ಕೆಳಗೆ ನಿಂತ. ತಂಗಿ ಊದುಬತ್ತಿ ಹಚ್ಚಿ ದಕ್ಷಿಣದ ಕಿಟಕಿಯ ಬುಡಕ್ಕೆ ಹಿಡಿದಳು.

ಹೊಗೆ ಬಾಗಿತು.

ತಂಗಿಯ ಮುಖ ಸಣ್ಣದಾಯಿತು. ಅಮ್ಮ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು. ನಾನು ಹೊಗೆಯನ್ನು ಮತ್ತೆ ನೋಡಿದೆ. ಗಾಳಿ ಕಿಟಕಿಯಿಂದ ಬಂದರೆ ಹೊಗೆ ಕೋಣೆಯೊಳಕ್ಕೆ ಬಾಗಬೇಕು. ಇದು ಮೇಲಕ್ಕೆ ನುಗ್ಗಿ ಗಾಜಿನ ಕಡೆಗೇ ಹೋಗುತ್ತಿತ್ತು. ನೆಲದಲ್ಲಿ ಏನಾದರೂ ಉಂಟಾ ನೋಡು ಎಂದೆ. ಭಾವ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. ಮನೆ ಬಿಸಿ ಮಾಡುವ ಯಂತ್ರದ ಗಾಳಿ ಬರುವ ಜಾಲರಿ ಕಿಟಕಿಯ ಕೆಳಗೇ ಇತ್ತು. ಯಂತ್ರ ನಿಲ್ಲಿಸಿದರು. ತಂಗಿ ಮತ್ತೊಮ್ಮೆ ಊದುಬತ್ತಿಯನ್ನು ಕಿಟಕಿಯ ಬುಡದಿಂದ ಮೂಲೆಗೆ, ಮೂಲೆಯಿಂದ ಮೇಲಕ್ಕೆ ನಿಧಾನ ಒಯ್ದಳು. ಹೊಗೆ ಎಲ್ಲಿಯೂ ಕತ್ತು ತಿರುಗಿಸದೆ ಕಂಬದ ಹಾಗೆ ನಿಂತಿತು.

ಅಮ್ಮ ಎದ್ದು ಒಳಗೆ ಹೋದಳು. ಬೇಸರವೋ ಏನೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಆಗ ಮಲಗುವ ಕೋಣೆಯಲ್ಲಿ ಕಪಾಟಿನ ಮೇಲಿಂದ ಸೂಟ್‌ಕೇಸು ಧೊಪ್ಪೆಂದು ಬಿದ್ದ ಸದ್ದು ಕೇಳಿತು. ಕಾಕ "ಪಾಸಾಯ್ತು" ಎಂದರು. ಅತ್ತ ತಂಗಿ ಅಳುತ್ತಾ ನಗತೊಡಗಿದಳು, ಅಷ್ಟರಲ್ಲಿ ಅಲಾರಾಂ ಅರಚಿತು.

ಜನವರಿಯಲ್ಲಿ ಮಗು ಬಂತು, ಹೆಣ್ಣು. ಮಗು ಮನೆಗೆ ಬಂದ ಮೇಲೆ ವಿಡಿಯೊ ಕಾಲಿನಲ್ಲಿ ನನಗೆ ಮೊದಲ ಸಲ ತೋರಿಸಿದ್ದು ಅದೇ ದಕ್ಷಿಣದ ಕೋಣೆಯಲ್ಲಿ. ಕಿಟಕಿಯಾಚೆ ಎಲ್ಲ ಬಿಳಿ. ಈಚೆ ತೊಟ್ಟಿಲಿನ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮ ಸ್ವೆಟರೂ ಇಲ್ಲದೆ ಬರೀ ಸೀರೆಯಲ್ಲಿ ಕೂತಿದ್ದಳು. ಮಗು ಇರುವಲ್ಲಿ ಹೊಗೆ ಬೇಡವೆಂದು ಊದುಬತ್ತಿ ಬಿಟ್ಟು, ಸೆರಗಿನಿಂದ ಎಳೆದ ಕೆಂಪು ನೂಲೊಂದನ್ನು ಬೆರಳಿನಲ್ಲಿ ಇಳಿಬಿಟ್ಟು ಹಿಡಿದಿದ್ದಳು. ಅದನ್ನು ಕಿಟಕಿಯ ಉದ್ದಕ್ಕೂ ಒಯ್ದು ತೋರಿಸಿದಳು, ನೂಲು ಅಲುಗಲಿಲ್ಲ. ಆಮೇಲೆ ತೊಟ್ಟಿಲಿನ ಮೇಲೆ ತಂದಳು. ನೂಲು ಆಡತೊಡಗಿತು.

ನಾನು ಹೌಹಾರಿ, "ಜಾಲರಿ ನೋಡಿ, ಗಾಳಿ ಬರ್ತಾ ಉಂಟು" ಎಂದು ಕೂಗಿದೆ. ಅಮ್ಮ ನನಗೆ ಸುಮ್ಮನಿರಲು ಸನ್ನೆ ಮಾಡಿ, ಕ್ಯಾಮೆರಾ ಹತ್ತಿರ ತರುವಂತೆ ತಂಗಿಗೆ ಹೇಳಿದಳು. ನೂಲಿನ ತುದಿ ನಿದ್ದೆ ಹೋದ ಮಗುವಿನ ಮೂಗಿನ ಎದುರಿಗಿತ್ತು.

"ಗಾಳಿ ಕಿಟಕಿಯದ್ದಲ್ಲ," ಎಂದಳು ಅಮ್ಮ. "ಇವಳದ್ದು."

ಅಮ್ಮ ಅಲ್ಲಿ ನೂಲು ಹಿಡಿದದ್ದು ಯಾಕೆ ಎಂದು ತಂಗಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವು ಮೂವರೂ ಆ ನೂಲನ್ನೇ ನೋಡುತ್ತಾ ಕೂತೆವು. ಅದು ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು.